ಒಗ್ಗರಣೆ ಇಲ್ಲದ ಮನೆ

ಪ್ರಮೋದಾ ನಮ್ಮ ಪಕ್ಕಕ್ಕೆ ಬಂದು ಒಂಬತ್ತು ವರ್ಷವಾಯಿತು. ಪಕ್ಕದ ಮನೆ ಎಂದು ಬಾಯಿಮಾತಿಗೆ ಹೇಳುತ್ತೇನೆ ಅಷ್ಟೆ. ಹೊಸಕೋಟೆಯ ಈ ಒಂದೇ ಮನೆಗೆ ನಮ್ಮ ಓನರ್ ಅಪ್ಪಯ್ಯಣ್ಣ ನಡುವೆ ಗೋಡೆ ಎಬ್ಬಿಸಿ ಎರಡು ಬಾಡಿಗೆ ಮಾಡಿಕೊಂಡಿದ್ದಾರೆ. ಆ ಗೋಡೆಯನ್ನಾದರೂ ಪೂರ್ತಿ ಎಬ್ಬಿಸಿದರೇ ಎಂದರೆ ಅದೂ ಇಲ್ಲ. ಎರಡು ಅಡುಗೆಮನೆಗಳ ನಡುವೆ, ಸೂರಿನ ಹತ್ತಿರ, ಹೊಗೆ ಹೋಗಲೆಂದು ಒಂದು ಸಿಮೆಂಟಿನ ಜಾಲಿ ಬಿಟ್ಟಿದ್ದಾರೆ. ಅವಳ ಹೊಗೆ ನನ್ನ ಮನೆಗೆ, ನನ್ನ ಹೊಗೆ ಅವಳ ಮನೆಗೆ. ಅವಳು ಬೆಳ್ಳುಳ್ಳಿ ಜಜ್ಜಿದರೆ ನನಗೆ ಕೇಳುತ್ತದೆ. ಇಂಗು ಹಾಕಿದಳೋ ಇಲ್ಲವೋ ಎಂಬುದು ಕೂತಲ್ಲಿಯೇ ಗೊತ್ತಾಗುತ್ತದೆ.

ನಾನು ರೂಪ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ನನ್ನ ಗಂಡ ಗೋವಿಂದರಾಜು ದೇವನಹಳ್ಳಿಯ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾರೆ. ಅತ್ತೆ ಅಮ್ಮಯಮ್ಮ ನಮ್ಮ ಜೊತೆಯಲ್ಲೇ ಇದ್ದಾರೆ. ಮನೆ ಪುಟ್ಟದು, ಗಲಾಟೆ ದೊಡ್ಡದು. ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಆದ ಎಡವಟ್ಟಿಗೆಲ್ಲ ಅದೇ ಕಾರಣ ಎಂದು ನನ್ನ ಗಂಡ ಹೇಳುತ್ತಾರೆ. ಅವರು ಹೇಳುವುದರಲ್ಲಿ ಅರ್ಧ ನಿಜ.

ಪ್ರಮೋದಾಗೆ ನಲವತ್ತಾರು. ಕೋಲಾರದ ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ಅರವತ್ತು ಮಷಿನ್‌ಗಳ ನಡುವೆ ಬೆಳಿಗ್ಗೆಯಿಂದ ಸಂಜೆ ತನಕ ನಿಂತು, ನಡೆದು, ಕೂಗಿ ಕೆಲಸ ತೆಗೆಯಬೇಕು. ಗಂಡ ಮನೋಹರ್ ಹದಿನಾಲ್ಕು ವರ್ಷದ ಹಿಂದೆ ದೊಡ್ಡಬಳ್ಳಾಪುರಕ್ಕೆ ಮಗ್ಗದ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಉಳಿದುಬಿಟ್ಟ. ಡೈವೋರ್ಸ್ ಇಲ್ಲ, ಪಂಚಾಯ್ತಿ ಇಲ್ಲ, ಜಗಳವೂ ಇಲ್ಲ. ಮಕ್ಕಳಿಲ್ಲ. ತಾಳಿ ಮಾತ್ರ ಇದೆ. "ಅವ್ನ ಸುದ್ದಿ ನಂಗ್ಯಾಕಕ್ಕ? ಇದ್ದಾನೋ ಸತ್ತಿದ್ದಾನೋ, ನಂಗೆ ಬೇಕಾಗಿಲ್ಲ. ಅವ್ನ ಫೋನ್ ನಂಬರ್ ಕೂಡ ಇಟ್ಕೊಂಡಿಲ್ಲ" ಎಂದು ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ಹೇಳುವಾಗ ಕೈಯ ಕೆಲಸವನ್ನೂ ನಿಲ್ಲಿಸುತ್ತಿರಲಿಲ್ಲ. ನಾನು ನಂಬಿದ್ದೆ.

ನಮ್ಮಿಬ್ಬರದು ಬಟ್ಟಲಿನ ಸ್ನೇಹ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎದೆಮಟ್ಟದ ಗೋಡೆಯಿದೆ. ಅದರ ಮೇಲೆ ಒಂದು ಬಟ್ಟಲು ಸಾರು ಇಟ್ಟು ನಾನು ಕೂಗಿದರೆ ಅವಳು ಬಂದು ತೆಗೆದುಕೊಳ್ಳುವಳು. ಖಾಲಿ ಬಟ್ಟಲು ವಾಪಸ್ ಕೊಡಬಾರದಲ್ಲ, ಮಾರನೆಯ ದಿನ ಅದರಲ್ಲಿ ಅವಳ ಬಸ್ಸಾರೋ, ಹುಳಿಯೋ, ಒಂದು ಹಿಡಿ ಖಾರದ ಕಡಲೆಕಾಯಿಯೋ ಬರುವುದು. ಒಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಬಟ್ಟಲು ಆ ಗೋಡೆ ದಾಟಿದೆಯೋ ದೇವರಿಗೇ ಗೊತ್ತು. ಆದರೆ ನಾವಿಬ್ಬರೂ ಎದುರುಬದುರು ಕೂತು ಒಂದು ಹೊತ್ತು ಉಂಡಿರಲಿಲ್ಲ. ಹಾಗೆ ಉಂಡಿಲ್ಲ ಎಂಬುದೇ ನನ್ನ ತಲೆಗೆ ಹೋಗಿರಲಿಲ್ಲ.

ಕಳೆದ ವರ್ಷ ಶ್ರಾವಣ ಕಳೆಯುತ್ತಿದ್ದ ಹಾಗೆ ಆ ಬಟ್ಟಲು ನಿಂತುಹೋಯಿತು.

ಯಾಕೆ ನಿಂತಿತು ಎಂಬುದು ನನಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ. ನಿಮಗೆ ಈಗಲೇ ಹೇಳುತ್ತೇನೆ, ನನ್ನ ಹಾಗೆ ನೀವೂ ಪೆದ್ದಾಗುವುದು ಬೇಡ. ಗಾರ್ಮೆಂಟ್ಸ್‌ನಲ್ಲಿ ಎಲ್ಲರಿಗೂ ಹೆಲ್ತ್ ಚೆಕಪ್ ಮಾಡಿಸಿದ್ದರು. ಪ್ರಮೋದಾಳ ಎರಡು ಮಂಡಿಯೂ ಸವೆದಿತ್ತು. ತೂಕ ಎಂಬತ್ತೊಂದು ಕೆಜಿ. "ಸಂಕ್ರಾಂತಿ ಹೊತ್ತಿಗೆ ಎಪ್ಪತ್ತಕ್ಕೆ ಇಳಿಸಿ, ನಿಂತು ಕೆಲಸ ಮಾಡೋಕೆ ಫಿಟ್ ಅಂತ ಬರೆದು ಕೊಡ್ತೀನಿ. ಇಲ್ಲಾಂದ್ರೆ ಕೂತು ಮಾಡೋ ಕೆಲಸಕ್ಕೆ ಹಾಕಿ ಅಂತ ಬರೀಬೇಕಾಗುತ್ತೆ" ಎಂದರಂತೆ ಡಾಕ್ಟರು. ಕೂತು ಮಾಡುವ ಕೆಲಸವೆಂದರೆ ದಾರ ಕತ್ತರಿಸುವ ಟೇಬಲ್ಲು. ಆ ಸಂಬಳಕ್ಕೆ ಹೊಸಕೋಟೆಯಲ್ಲಿ ಒಂಟಿ ಹೆಂಗಸು ಮನೆ ಇಟ್ಟುಕೊಳ್ಳಲು ಆಗುವುದಿಲ್ಲ. ಜಡಿಗೇನಹಳ್ಳಿಯಲ್ಲಿರುವ ಅಣ್ಣ ಚಿಕ್ಕಬೀರಪ್ಪನ ಮನೆಗೆ ಹೋಗಬೇಕು. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. "ಆದ್ರೆ ಅಲ್ಲಿ ಬಾಗಿಲು ಹಾಕ್ಕೊಂಡು ಮಲಗೋಕೆ ನಂದು ಅಂತ ಒಂದು ಬಾಗಿಲಿಲ್ಲಕ್ಕ" ಎಂದಳು ಆಮೇಲೆ ಒಂದು ದಿನ. ಹನ್ನೊಂದು ಕೆಜಿ ಇಳಿದರೆ ಅವಳಿಗೆ ಅವಳ ಮನೆ. ಇಳಿಯದಿದ್ದರೆ ಅಣ್ಣನ ಮನೆ.

ಇದನ್ನು ನನಗೇಕೆ ಹೇಳಲಿಲ್ಲ? ನನ್ನ ಬಾಯಿಗೆ ಹೆದರಿ. ನಾನು ಅತ್ತೆಗೆ ಹೇಳುತ್ತೇನೆ, ಅತ್ತೆ ಗುಡಿಯಲ್ಲಿ ಹೇಳುತ್ತಾರೆ, ವಾರ ಕಳೆಯುವುದರಲ್ಲಿ ಅಣ್ಣ ಜಡಿಗೇನಹಳ್ಳಿಯಿಂದ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸುತ್ತಾನೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಹಾಗಾಗಿ ಗುಟ್ಟಾಗಿ ಬೆಂಗಳೂರಿನ ಯಾವುದೋ ತೂಕ ಇಳಿಸುವ ಸೆಂಟರಿಗೆ ಫೋನಿನಲ್ಲೇ ಸೇರಿಕೊಂಡಳು. ಅಲ್ಲಿ ಎಲ್ಲದಕ್ಕೂ ಪಾಯಿಂಟು. ತಿನ್ನುವ ಪ್ರತಿಯೊಂದಕ್ಕೂ ಇಷ್ಟು ಎಂದು ಬರೆದ ಪಟ್ಟಿ ಕಳಿಸುತ್ತಾರೆ. ದಿನಕ್ಕೆ ಇಪ್ಪತ್ತನಾಲ್ಕು ಪಾಯಿಂಟು ಮೀರಬಾರದು. ಪಟ್ಟಿಯಲ್ಲಿ ಓಟ್ಸ್ ಇತ್ತು, ಬ್ರಾಕಲಿ ಇತ್ತು, ಹೆಸರು ಹೇಳಲು ಬಾರದ ಇನ್ನೂ ಏನೇನೋ ಇತ್ತು. ಮುದ್ದೆ ಇರಲಿಲ್ಲ. ಫೋನಿನ ಮೇಡಂ, "ನಿಮ್ಮ ರಾಗಿ ಬಾಲ್ ಎಷ್ಟು ಗ್ರಾಂ ಇರುತ್ತೆ?" ಎಂದು ಕೇಳಿದರಂತೆ. ಮುದ್ದೆಯನ್ನು ಯಾರು ಗ್ರಾಂನಲ್ಲಿ ಕಟ್ಟುತ್ತಾರೆ? ಕೈ ತಿರುಗಿದಷ್ಟು, ಹೊಟ್ಟೆ ಹಿಡಿದಷ್ಟು. ಆದರೂ ಪ್ರಮೋದಾ ಬಿಡಲಿಲ್ಲ. ಒಂದು ಭಾನುವಾರ ಬಿಸಿ ಮುದ್ದೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಮೇಲೆ ಸೆರಗು ಮುಚ್ಚಿಕೊಂಡು, ಮೂಲೆಯ ದಿನಸಿ ಅಂಗಡಿಯ ಚಾಂದ್ ಪಾಷಾನ ಹತ್ತಿರ ಹೋಗಿ ತೂಕದ ಮಷಿನ್ ಮೇಲೆ ಇಟ್ಟಳು.

"ಅಕ್ಕಾ, ಚಿನ್ನ ತೂಗೋರ್ನ ನೋಡಿದೀನಿ, ಮುದ್ದೆ ತೂಗೋರ್ನ ಇವತ್ತೇ ನೋಡಿದ್ದು" ಎಂದನಂತೆ ಚಾಂದ್ ಪಾಷಾ.

"ಯಾರ್ಗೂ ಹೇಳ್ಬೇಡ ಭಾಯ್."

"ಹೇಳಿದ್ರೂ ಯಾರು ನಂಬ್ತಾರೆ ಬಿಡಿ."

ಮುನ್ನೂರ ನಲವತ್ತು ಗ್ರಾಂ. ಒಂಬತ್ತು ಪಾಯಿಂಟು ಎಂದರು ಮೇಡಂ. ಒಂದು ಟೀ ಚಮಚ ಎಣ್ಣೆಗೆ ಒಂದು ಪಾಯಿಂಟು. ಪ್ರಮೋದಾಳ ಒಗ್ಗರಣೆ ಸೌಟು ನನಗೆ ಗೊತ್ತು, ಅದು ಒಂದು ಸಲಕ್ಕೆ ನಾಲ್ಕು ಚಮಚ ಕುಡಿಯುತ್ತದೆ. ಎರಡು ಹೊತ್ತಿನ ಒಗ್ಗರಣೆಯ ಬದಲು ಹೆಚ್ಚುಕಡಿಮೆ ಒಂದು ಮುದ್ದೆಯೇ ಬರುತ್ತದಲ್ಲ ಎಂದು ಲೆಕ್ಕ ಹಾಕಿದಳು. ಮುದ್ದೆ ಬಿಟ್ಟು ಅವಳು ಬದುಕುವವಳಲ್ಲ. ಅವತ್ತೇ ಒಗ್ಗರಣೆ ಸೌಟನ್ನು ತೊಳೆದು ಅಟ್ಟದ ಮೇಲೆ ಹಾಕಿದಳು.

ಆಮೇಲೆ ಶುರುವಾಯಿತು ರುಚಿಯ ಪಾಡು. ಕೆಲಸ ಮುಗಿಸಿ ಬರುವಾಗ ಕಂಪನಿ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಎಣ್ಣೆಯಿಲ್ಲದ ಅಡುಗೆ ಹುಡುಕುವುದು, ಮನೆಗೆ ಬಂದು ಮಾಡುವುದು, ಮಾಡಿದ್ದನ್ನು ಒಬ್ಬಳೇ ನುಂಗುವುದು. ಓಟ್ಸ್ ಉಪ್ಪಿಟ್ಟು ಮಾಡಿದಳು, ಅದು ಪೋಸ್ಟರ್ ಅಂಟಿಸುವ ಗೋಂದಿನ ಹಾಗೆ ಆಯಿತಂತೆ. ಬದನೆಕಾಯಿ ಸುಟ್ಟು ಕೆನೆ ತೆಗೆದ ಮೊಸರಿನಲ್ಲಿ ಕಲಸಿದಳು, ಅದು ಪರವಾಗಿಲ್ಲ. ಕೋಳಿಯ ಚರ್ಮ ತೆಗೆಸಿ ಬರೀ ಮಸಾಲೆಯಲ್ಲಿ ಬೇಯಿಸಿದಳು, ಒಂದು ತುಂಡು ಬಾಯಿಗಿಟ್ಟು ಕಣ್ಣಲ್ಲಿ ನೀರು ಬಂತಂತೆ, ಖಾರಕ್ಕಲ್ಲ. ಹುರುಳಿಕಾಳು ನೆನೆಸಿ ರುಬ್ಬಿ ಇಡ್ಲಿ ಹುಯ್ದಳು. ಇಂಥದ್ದನ್ನು ಬಟ್ಟಲಿಗೆ ಹಾಕಿ ಪಕ್ಕದ ಮನೆಗೆ ಕೊಡಲು ನಾಚಿಕೆ. ಪಕ್ಕದ ಮನೆಯ ಬಟ್ಟಲು ತೆಗೆದುಕೊಂಡರೆ ಅದರಲ್ಲಿ ಎಷ್ಟು ಪಾಯಿಂಟಿದೆಯೋ ಎಂಬ ಭಯ. ಹೀಗೆ ಬಟ್ಟಲು ನಿಂತಿತು. ಮೊದಲ ಎರಡು ತಿಂಗಳಲ್ಲಿ ಐದು ಕೆಜಿ ಇಳಿಯಿತು. ಎಪ್ಪತ್ತಾರಕ್ಕೆ ಬಂದು ತೂಕದ ಮುಳ್ಳು ಗಟ್ಟಿಯಾಗಿ ನಿಂತುಬಿಟ್ಟಿತು. ಸಂಜೆ ಏಳಾದರೆ ಮನೆ ಬಣಗುಟ್ಟುತ್ತಿತ್ತು, ಆಗ ಡಬ್ಬಿಯೊಳಗಿನ ನಿಪ್ಪಟ್ಟಿನ ಕಡೆ ಕೈ ತಾನಾಗಿ ಹೋಗುತ್ತಿತ್ತು.

ಇನ್ನು ನನ್ನ ಕಡೆ. ನಾನು ಗೋಡೆಯ ಮೇಲೆ ಬಟ್ಟಲಿಟ್ಟು ಕೂಗುತ್ತಿದ್ದೆ, ಅವಳು "ಇವತ್ತು ಬೇಡಕ್ಕ, ಹೊಟ್ಟೆ ಸರಿಯಿಲ್ಲ" ಎನ್ನುತ್ತಿದ್ದಳು. ಎರಡು ದಿನ ಸರಿ, ಮೂರು ದಿನ ಸರಿ. ಆಮೇಲೆ ನನಗೂ ಸಿಟ್ಟು ಬಂತು. ನನ್ನ ಕೈಯಡುಗೆಗೆ ಏನು ಬಂತು ಇವಳಿಗೆ? ನಾನೂ ಬಟ್ಟಲು ಇಡುವುದು ಬಿಟ್ಟೆ. ಎದುರು ಸಿಕ್ಕರೆ ಮುಖ ತಿರುಗಿಸುವಷ್ಟು ಅಲ್ಲ, ಆದರೆ ನಿಂತು ಮಾತಾಡುವುದು ಕಡಿಮೆಯಾಯಿತು. ನಿಜ ಹೇಳಬೇಕೆಂದರೆ ನನಗೆ ಬೇಜಾರಾಗಿತ್ತು. ಇಷ್ಟು ಜನರಿರುವ ಮನೆಯಲ್ಲಿದ್ದೂ ನಾನು ಹಿತ್ತಲಿಗೆ ಹೋದಾಗಲೆಲ್ಲ ಆ ಗೋಡೆಯ ಕಡೆ ನೋಡುತ್ತಿದ್ದೆ.

ದೀಪಾವಳಿ ಬಂತು. ಪ್ರತಿ ವರ್ಷ ಅವಳ ಮನೆಯಿಂದ ಕಜ್ಜಾಯ ಬರುತ್ತಿತ್ತು, ಬರಲಿಲ್ಲ. ನಾನು ಹೋಳಿಗೆ ತೆಗೆದುಕೊಂಡು ಹೋದರೆ ಬಾಗಿಲಲ್ಲೇ ನಿಂತು ಬೇಡವೆಂದಳು. ಆಗ ಅವಳ ಮುಖವನ್ನು ಹಗಲಿನ ಬೆಳಕಲ್ಲಿ ಸರಿಯಾಗಿ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು, ಬಳೆ ಮಣಿಕಟ್ಟಿನಲ್ಲಿ ಸಡಿಲವಾಗಿತ್ತು. ಮನೆಗೆ ಬಂದು ಒಲೆಯ ಮುಂದೆ ನಿಂತಾಗ ತಲೆಗೆ ಹೊಳೆಯಿತು: ಈ ಜಾಲಿಯಿಂದ ಸಾಸಿವೆ ಸಿಡಿದ ಸದ್ದು ಕೇಳಿ ಎಷ್ಟು ದಿನವಾಯಿತು? ಕುಕ್ಕರ್ ಕೂಗುತ್ತದೆ, ಮಿಕ್ಸಿ ತಿರುಗುತ್ತದೆ, ಬೇಯುವ ವಾಸನೆ ಬರುತ್ತದೆ. ಒಗ್ಗರಣೆ ಮಾತ್ರ ಇಲ್ಲ.

ನಮ್ಮ ಕಡೆ ಒಗ್ಗರಣೆ ಹಾಕದೆ ಅಡುಗೆ ಮಾಡುವುದು ಒಂದೇ ಸಂದರ್ಭದಲ್ಲಿ. ಸಾವಾದ ಮನೆಯಲ್ಲಿ, ಸೂತಕ ಕಳೆಯುವ ತನಕ ಸಾಸಿವೆ ಸಿಡಿಸುವುದಿಲ್ಲ.

ಬಾಯಿ ಸುಮ್ಮನಿರಬೇಕಲ್ಲ. ಅತ್ತೆಗೆ ಹೇಳಿದೆ.

ಅಮ್ಮಯಮ್ಮ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದರು. "ಅವ್ನು ಹೋಗವ್ನೆ ಕಣೆ. ಗಂಡ. ದೊಡ್ಡಬಳ್ಳಾಪುರದವ್ನು."

"ಕುಂಕುಮ ಇಟ್ಕೊಂಡಿದ್ದಾಳಲ್ಲ ಅತ್ತೆ?"

"ಹತ್ತು ಜನದಾಗೆ ಕೆಲ್ಸ ಮಾಡೋಳು. ಕುಂಕುಮ ತೆಗೆದ್ರೆ ನೂರು ಮಾತು ಕೇಳ್ತಾರೆ. ಬಿಟ್ಟೋದವ್ನು ಸತ್ತೋದ ಅಂತ ಯಾರ ಮುಂದೆ ಹೇಳ್ಕೊಂಡು ಅಳ್ತಾಳೆ ಪಾಪ? ಒಳಗೊಳಗೇ ಸೂತಕ ಮಾಡ್ಕೊಂಡು ಕುಂತವ್ಳೆ." ಮತ್ತೆ ಕುಟ್ಟಲು ಶುರುಮಾಡುತ್ತಾ, "ನಿಮ್ಮಾವ ಹೋದಾಗ ನಾನೂ ಮೂರು ತಿಂಗ್ಳು ಒಗ್ಗರಣೆ ಮುಟ್ಲಿಲ್ಲ. ಯಾರಿಗ್ಬೇಕಿತ್ತು ರುಚಿ" ಎಂದರು.

ಇಂಥ ಸಂಕಟದಲ್ಲಿರುವವಳ ಮೇಲೆ ಬಟ್ಟಲಿನ ವಿಷಯಕ್ಕೆ ಸಿಟ್ಟು ಮಾಡಿಕೊಂಡಿದ್ದೆನಲ್ಲ, ನಾನೆಂಥವಳು? ಸಾವಿನ ಮನೆಗೆ ಅಕ್ಕಪಕ್ಕದವರು ಅಡುಗೆ ಕಳಿಸುವುದು ಪದ್ಧತಿ. ನಾನು ಅದನ್ನೂ ಮಾಡಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಎದ್ದವಳೇ ದಂಟಿನ ಸೊಪ್ಪು, ಅವರೆಕಾಳು ಬೇಯಿಸಿ ಕಟ್ಟು ಬಸಿದೆ. ಹಸಿಮೆಣಸಿನಕಾಯಿ ಕೆಂಡದ ಮೇಲೆ ಸುಟ್ಟ ಹಾಗೆ ಗ್ಯಾಸಿನ ಮೇಲೆ ಸುಟ್ಟು, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಕಲ್ಲುಪ್ಪು ಸೇರಿಸಿ ಒರಳಲ್ಲಿ ಖಾರ ಅರೆದೆ. ಉಪ್ಸಾರಿಗೆ ಒಗ್ಗರಣೆ ಬೇಡ, ಸೂತಕದ ಮನೆಗೆ ಅದೇ ಸರಿ. ಮುದ್ದೆ ಕಟ್ಟಿ, ಎಲ್ಲವನ್ನೂ ಅಗಲ ತಟ್ಟೆಯಲ್ಲಿಟ್ಟು, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಅವಳ ಬಾಗಿಲು ತಟ್ಟಿದೆ.

ಬಾಗಿಲು ತೆಗೆದಳು. ಕೈ ತುಂಬ ಹಿಟ್ಟು. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ನಾನು ಬಿಡಲಿಲ್ಲ. ತಟ್ಟೆ ಕೆಳಗಿಟ್ಟು ಅವಳ ಎರಡು ಕೈ ಹಿಡಿದು ಅತ್ತುಬಿಟ್ಟೆ.

"ನಂಗಾದ್ರೂ ಹೇಳ್ಬಾರ್ದಿತ್ತೇನೆ ಪ್ರಮೋದಾ? ಒಬ್ಳೇ ನುಂಗ್ಕೊಂಡು ಕೂತಿದ್ದೀಯಲ್ಲ. ಒಳ್ಳೇವ್ನೋ ಕೆಟ್ಟೋನೋ, ಕಟ್ಕೊಂಡ ಗಂಡ ತಾನೆ. ಹೋದೋನು ಹೋದ. ನೀನ್ಯಾಕೆ ಹಿಂಗೆ ಸಾಯ್ತಾ ಇದ್ದೀಯಾ?"

ಪ್ರಮೋದಾ ಅಲುಗಾಡಲಿಲ್ಲ. "ಯಾರು ಹೇಳಿದ್ರು?" ಎಂದಳು.

ಗುಟ್ಟು ಹೇಗೆ ಹೊರಗೆ ಬಂತೆಂದು ಕೇಳುತ್ತಿದ್ದಾಳೆ ಎಂದುಕೊಂಡೆ. "ಯಾರ್ ಹೇಳ್ಬೇಕು? ಪಕ್ಕದಲ್ಲೇ ಇದ್ದೀನಿ, ನಂಗೆ ಗೊತ್ತಾಗಲ್ವಾ?"

"ಯಾವತ್ತು ಹೋದ್ರು?"

ಆಗ ನನಗೆ ಎಲ್ಲೋ ತಪ್ಪಿದೆ ಅನ್ನಿಸಿತು. ಆದರೆ ಅಷ್ಟರಲ್ಲಿ ಅವಳು ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕುಸಿದಿದ್ದಳು. ಆ ಸವೆದ ಮಂಡಿಯ ಮೇಲೆಯೇ ಕುಸಿದಳು. ಅವಳು ಅತ್ತ ರೀತಿಯನ್ನು ನಾನು ಮರೆಯಲಾರೆ. ಹೆಂಗಸರು ಸಾವಿನ ಮನೆಯಲ್ಲಿ ಹೆಸರು ಹಿಡಿದು ಹಾಡಿಕೊಂಡು ಅಳುತ್ತಾರೆ, ಹಾಗಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಇದ್ದಾನೋ ಸತ್ತಿದ್ದಾನೋ ಬೇಕಾಗಿಲ್ಲ ಎಂದು ಹತ್ತು ಸಲ ಹೇಳಿದವಳು, ಹಿಟ್ಟಿನ ಕೈಯಲ್ಲೇ ತಾಳಿ ಹಿಡಿದುಕೊಂಡು ಅತ್ತಳು. ಹದಿನಾಲ್ಕು ವರ್ಷ ಅವಳು ಕಾದಿದ್ದಳು. ನನಗದು ಆ ಹೊತ್ತಿಗೆ ಅರ್ಥವಾಯಿತು, ಅರ್ಥವಾಗಬಾರದಿತ್ತು ಅನ್ನಿಸಿತು.

"ಲೇ ಪ್ರಮೋದಾ, ತಡಿ, ತಡಿಯೇ. ನಂಗೆ ಯಾರೂ ಹೇಳಿಲ್ಲ. ನೀನು ಒಗ್ಗರಣೆ ಹಾಕ್ತಿಲ್ವಲ್ಲ, ಅದಕ್ಕೆ ನಾನೇ ಅಂದ್ಕೊಂಡೆ. ನಾನು ಮತ್ತೆ ನಮ್ಮತ್ತೆ."

ಅವಳು ತಲೆ ಎತ್ತಿದಳು. "ಒಗ್ಗರಣೇನಾ?"

"ಮೂರು ತಿಂಗ್ಳಿಂದ ಒಂದು ಸಾಸಿವೆ ಸಿಡಿದಿಲ್ಲ ನಿಮ್ಮನೇಲಿ."

ಆಗ ನಕ್ಕಳು ನೋಡಿ, ಕಣ್ಣೀರು, ಸಿಂಬಳ, ಹಿಟ್ಟು ಎಲ್ಲ ಒಟ್ಟಿಗೆ ಮೆತ್ತಿಕೊಂಡ ಮುಖದಲ್ಲಿ. ಎದ್ದು ಅಡುಗೆಮನೆಗೆ ಕರೆದುಕೊಂಡು ಹೋಗಿ ಗೋಡೆಗೆ ಅಂಟಿಸಿದ್ದ ಪಾಯಿಂಟಿನ ಪಟ್ಟಿ ತೋರಿಸಿದಳು. ಮಂಡಿ, ಡಾಕ್ಟರು, ಅಣ್ಣನ ಮನೆ, ಎಲ್ಲ ಅವಳು ಹೇಳಿದ್ದು ಅವತ್ತೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬದುಕಿದ್ದವನನ್ನು ಸಾಯಿಸಿ, ಅವನ ಹೆಂಡತಿಯ ಮುಂದೆಯೇ ಅತ್ತುಬಿಟ್ಟವಳು ನಾನು.

ಅವಳ ನಗು ನಿಂತಿತು. "ಅಕ್ಕ, ಒಂದ್ ವೇಳೆ ನಿಜ ಆಗಿದ್ರೆ?" ಎಂದಳು.

"ಛೇ, ಬಿಡೇ."

"ಇಲ್ಲಕ್ಕ. ಒಂದ್ಸಲ ಕೇಳ್ಬಿಡ್ತೀನಿ." ಫೋನ್ ತೆಗೆದಳು. ನಂಬರ್ ಇತ್ತು. ಹುಡುಕಬೇಕಾಗಿಯೂ ಇರಲಿಲ್ಲ. ಕೈಗೆ ಹಿಟ್ಟು ಮೆತ್ತಿತ್ತೆಂದು ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದಳು. ಐದಾರು ಸಲ ರಿಂಗ್ ಆಯಿತು. ಆಮೇಲೆ ಮಗ್ಗಗಳ ಸದ್ದು, ಅದರ ನಡುವೆ ಒಬ್ಬ ಗಂಡಸಿನ ದನಿ.

"ಹಲೋ, ಯಾರು?"

ಪ್ರಮೋದಾ ಫೋನಿನ ಕಡೆ ಬಗ್ಗಿದಳು. "ನಾನು ಪ್ರಮೋದಾ."

ಮಗ್ಗ ಓಡುತ್ತಲೇ ಇತ್ತು.

"ಯಾವ ಪ್ರಮೋದಾ?"

ಪಕ್ಕದಲ್ಲಿ ಆ ಇನ್ನೊಬ್ಬಳಿದ್ದಳೆಂದು ಹಾಗೆ ಕೇಳಿದನೋ, ಸದ್ದಿನಲ್ಲಿ ದನಿ ಗುರುತು ಸಿಗಲಿಲ್ಲವೋ, ನಿಜಕ್ಕೂ ನೆನಪಿರಲಿಲ್ಲವೋ. ಈಗಲೂ ನಾನು ಯೋಚನೆ ಮಾಡುತ್ತೇನೆ. ಪ್ರಮೋದಾ "ರಾಂಗ್ ನಂಬರ್" ಎಂದು ಹೇಳಿ ಕಟ್ ಮಾಡಿದಳು. ನಲ್ಲಿ ಬಿಟ್ಟು ಕೈ ತೊಳೆದಳು, ಮುಖ ತೊಳೆದಳು. ಒರೆಸಿಕೊಳ್ಳುತ್ತಾ ಕೇಳಿದಳು, "ಏನ್ ತಂದಿದ್ದೀರಕ್ಕ? ಎಣ್ಣೆ ಹಾಕಿದ್ದೀರಾ?"

"ಸೂತಕದ ಸಾರು ಕಣೆ. ಎಣ್ಣೆ ಎಲ್ಲಿಂದ ಬರುತ್ತೆ?"

"ಹಂಗಾದ್ರೆ ಬಡಿಸಿ. ನೀವೂ ಕೂತ್ಕೊಳ್ಳಿ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಎದುರುಬದುರು ಕೂತೆವು. ಮುದ್ದೆಯನ್ನು ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು, ಅವಳ ಪಾಲಿಗೆ ನಾಲ್ಕೂವರೆ ಪಾಯಿಂಟು ಉಳಿಯಿತು. ಖಾರವನ್ನು ಕಟ್ಟಿನಲ್ಲಿ ಕಲಸಿಕೊಂಡು ಒಂದು ತುತ್ತು ನುಂಗಿ ಕಣ್ಣು ಮುಚ್ಚಿದಳು.

"ಮೂರು ತಿಂಗ್ಳಿಂದ ಎಣ್ಣೆ ಇಲ್ದಿರೋ ಅಡುಗೆ ಏನು ಐತೆ ಅಂತ ಫೋನೆಲ್ಲ ಜಾಲಾಡ್ಬಿಟ್ಟೆ. ನಮ್ಮವ್ವ ವಾರಕ್ಕೆರಡು ಸಲ ಇದ್ನೇ ಮಾಡೋಳು. ಯಾಕೆ ನೆನಪಾಗ್ಲಿಲ್ಲ ಅಕ್ಕ ನಂಗೆ?"

"ಒಬ್ಳಿಗೋಸ್ಕರ ಯಾರು ಒರಳು ತಿರುಗಿಸ್ತಾರೆ ಬಿಡು."

"ಹೂಂ. ಅದೂ ನಿಜ."

ತಿಂದಾದ ಮೇಲೆ ನಾನು ಏಳುವಾಗ ಕೇಳಿದಳು, ತಮಾಷೆಯೋ ಅಲ್ಲವೋ ಗೊತ್ತಾಗಲಿಲ್ಲ. "ಸೂತಕ ಹನ್ನೊಂದು ದಿನ ಅಲ್ವಾ ಅಕ್ಕ? ಹೆಂಗೂ ಅತ್ತಾಯ್ತು. ಹನ್ನೊಂದು ದಿನ ಬರ್ತೀರಾ ಊಟಕ್ಕೆ?"

ಬದುಕಿರುವವನಿಗೆ ಸೂತಕವೇ ಎಂದು ನಾನು ಕೇಳಲಿಲ್ಲ. ಹೋದೆ. ಹನ್ನೊಂದು ದಿನವೂ ಸಂಜೆ ಏಳೂವರೆಗೆ ನನ್ನ ಮನೆಯ ಅಡುಗೆ ಮುಗಿಸಿ, ಅತ್ತೆಗೆ ಬಡಿಸಿ, ಅವಳ ಮನೆಗೆ ಹೋದೆ. ಒಂದು ದಿನ ಹುರುಳಿಕಟ್ಟು, ಒಂದು ದಿನ ಸೋರೆಕಾಯಿಗೆ ಕಡಲೆಬೇಳೆ, ಒಂದು ದಿನ ಹುರಿದ ಎಳ್ಳಿನ ಪುಡಿ ಉದುರಿಸಿದ ಸೌತೆಕಾಯಿ ಪಚ್ಚಡಿ. ಎಳ್ಳಿಗೂ ಪಾಯಿಂಟಿದೆ ಎಂದು ಅರ್ಧ ಚಮಚ ಮಾತ್ರ. ಕೆನೆ ತೆಗೆದ ಮಜ್ಜಿಗೆಯಲ್ಲಿ ಬೂದುಗುಂಬಳ ಬೇಯಿಸಿ ಶುಂಠಿ, ಹಸಿಮೆಣಸು ಅರೆದು ಹಾಕಿದ್ದು ನಿಜವಾಗಿ ಚೆನ್ನಾಗಿತ್ತು. ನಾನು ಸೌಟು ಹಿಡಿದು, ಅಭ್ಯಾಸಬಲದಿಂದ, "ಇನ್ನೊಂಚೂರು ಹಾಕ್ಲೇನೆ?" ಎಂದು ಬಗ್ಗುತ್ತಿದ್ದೆ. ಅವಳು ತಟ್ಟೆಗೆ ಕೈ ಅಡ್ಡ ಇಟ್ಟು "ಸಾಕಕ್ಕ, ಸಾಕು" ಎನ್ನುತ್ತಿದ್ದಳು. ನಾನು ಬಲವಂತ ಮಾಡುವುದು, ಅವಳು ಬೇಡವೆನ್ನುವುದು. ಯಾವ ಮನೆಯಲ್ಲಿ ತಾನೇ ಇದಿಲ್ಲ?

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅವಳೇ ಅಂದಳು. "ಒಂದು ವಿಷ್ಯ ಗೊತ್ತಾ ಅಕ್ಕ? ಯಾರೂ ಇಲ್ದಿದ್ದಾಗ ನಂಗೆ ಸಾಕು ಅಂತ ಅನ್ಸೋದೇ ಇಲ್ಲ. ಪಾತ್ರೆ ಖಾಲಿ ಆದ್ಮೇಲೇ ಗೊತ್ತಾಗೋದು. ನೀವು ಹಾಕ್ಲಾ ಅಂತ ಕೇಳಿದ ತಕ್ಷಣ ಹೊಟ್ಟೆ ತುಂಬ್ಬಿಡುತ್ತೆ. ಬೇಡ ಅನ್ನೋಕೂ ಎದುರಿಗೆ ಒಬ್ರು ಬೇಕು ನೋಡಿ." ಅಂದು ಮಜ್ಜಿಗೆ ಕುಡಿದು ತಟ್ಟೆ ಎತ್ತಿಕೊಂಡು ಎದ್ದಳು.

ಮೂರು ವಾರದಿಂದ ಅಲುಗಾಡದ ಮುಳ್ಳು ಆ ಹನ್ನೊಂದು ದಿನದಲ್ಲಿ ಒಂದೂವರೆ ಕೆಜಿ ಕೆಳಗಿಳಿಯಿತು.

ಹನ್ನೆರಡನೆಯ ದಿನ ನಾನು ಹೋಗಲಿಲ್ಲ. ಹೋಗಬಹುದಿತ್ತು, ಯಾರೂ ಕೈ ಕಟ್ಟಿರಲಿಲ್ಲ. ಹಿಂದಿನ ದಿನ ಅವಳೇ, "ಮುಗೀತಲ್ಲಕ್ಕ ಹನ್ನೊಂದು. ನಿಮಗೂ ಮನೆ ಮಠ ಐತೆ" ಎಂದಿದ್ದಳು. ನನ್ನ ಗಂಡ, "ಅಲ್ಲೇ ಸಂಸಾರ ಹೂಡ್ಬಿಡು, ನಾವು ಹೋಟ್ಲಲ್ಲಿ ತಿಂತೀವಿ" ಎಂದು ಗೊಣಗಲು ಶುರು ಮಾಡಿದ್ದರು. ಮದುವೆ ಸೀಸನ್ನಿನ ಬ್ಲೌಸ್‌ಗಳು ಗುಡ್ಡೆ ಬಿದ್ದಿದ್ದವು. ಇದೆಲ್ಲ ಸರಿ. ಆದರೆ ಒಗ್ಗರಣೆ ಇಲ್ಲದ ಊಟ ಉಂಡು ನನಗೂ ನಾಲಿಗೆ ಕೆಟ್ಟಿತ್ತು, ಆ ಸಂಜೆ ಮನೆಯಲ್ಲೇ ಕೂತು ಸಾರಿಗೆ ಎರಡು ಸೌಟು ಒಗ್ಗರಣೆ ಹಾಕಿಕೊಂಡು ಉಂಡಾಗ ಹಾಯೆನಿಸಿತು. ಅದನ್ನು ಮುಚ್ಚಿಟ್ಟು ನಾನು ಒಳ್ಳೆಯವಳಾಗಬೇಕಾಗಿಲ್ಲ. ನಾಳೆ ಹೋಗೋಣ ಎಂದುಕೊಂಡೆ. ಆ ನಾಳೆಗಳು ಎರಡು ತಿಂಗಳಾದವು.

ಅವಳ ಮುಖದಲ್ಲಿ ಬೇಜಾರೇನೂ ಕಾಣಲಿಲ್ಲ. ಎದುರು ಸಿಕ್ಕರೆ ನಿಂತು ಮಾತಾಡುತ್ತಿದ್ದಳು. ಎಪ್ಪತ್ನಾಲ್ಕು ಅನ್ನುವಳು, ಎಪ್ಪತ್ಮೂರು ಅನ್ನುವಳು. "ಹೆಂಗೆ ಇಳಿಸ್ತಿದ್ದೀಯೇ ಒಬ್ಳೇ?" ಎಂದರೆ, "ಹೆಂಗೋ ನಡೀತಾ ಐತಕ್ಕ" ಎಂದು ನಗುವಳು. ಮನೋಹರನ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಸಂಜೆ ಕಂಪನಿ ಬಸ್ಸಿನಿಂದ ಇಳಿದವಳೇ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿ. ಎಪ್ಪತ್ತು ಕೆಜಿ ನಾನೂರು ಗ್ರಾಂ. ಆ ನಾನೂರು ಗ್ರಾಂ ಅನ್ನು ಡಾಕ್ಟರು ಚಪ್ಪಲಿಯ ಲೆಕ್ಕಕ್ಕೆ ಬಿಟ್ಟರಂತೆ. ನಿಂತು ಕೆಲಸ ಮಾಡಲು ಫಿಟ್. ಮನೆ ಉಳಿಯಿತು. ನಾನು ಅವಳನ್ನು ಅಪ್ಪಿಕೊಂಡೆ. ಎರಡೂ ತೋಳಿನೊಳಗೆ ಸಲೀಸಾಗಿ ಸಿಕ್ಕಳು, ಮೊದಲಾಗಿದ್ದರೆ ಸಿಗುತ್ತಿರಲಿಲ್ಲ.

ಒಳಗೆ ನನ್ನ ಗಂಡನ ಕಡೆಯವರು ಹಬ್ಬಕ್ಕೆಂದು ಬಂದು ತುಂಬಿಕೊಂಡಿದ್ದರು. "ಬಾರೇ ಒಳಗೆ. ಇವತ್ತಾದ್ರೂ ಇಲ್ಲೇ ಊಟ ಮಾಡು" ಎಂದೆ.

ಅವಳು ಒಳಗಿನ ಗದ್ದಲದ ಕಡೆ ಒಂದು ಸಲ ಇಣುಕಿದಳು. "ಇಲ್ಲಕ್ಕ, ಬೆಳಗ್ಗೇನೆ ಕಾಳು ನೆನೆಸಿಟ್ಟು ಹೋಗಿದ್ದೀನಿ. ಬರ್ತೀನಿ" ಎಂದು ಹೊರಟಳು. ಮಂಡಿ ಈಗ ಅಷ್ಟು ಎಳೆಯುತ್ತಿರಲಿಲ್ಲ, ಮೂರು ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದಳು.

ಎಂಟು ಗಂಟೆಗೆ ಎಲ್ಲರಿಗೂ ಎಲೆ ಹಾಕಿ, ಪಲ್ಯ ತರಲು ನಾನು ಅಡುಗೆಮನೆಗೆ ಬಂದೆ. ಅತ್ತೆ ಅಲ್ಲೇ ಮೂಲೆಯಲ್ಲಿ ಕೂತು ಎಳ್ಳುಬೆಲ್ಲ ಪೊಟ್ಟಣ ಕಟ್ಟುತ್ತಿದ್ದರು. ಗೋಡೆಯಾಚೆ ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ ಪ್ರಮೋದಾಳ ದನಿ, ಬಡಿಸುವವರ ಅಕ್ಕರೆಯ ದನಿ: "ಇನ್ನೊಂಚೂರು ಹಾಕ್ಲೇನೆ?"

ನಾನು ಪಲ್ಯದ ಪಾತ್ರೆ ಹಿಡಿದು ನಿಂತೆ.

"ಅಯ್ಯೋ ಬೇಡಪ್ಪ, ಸಾಕು." ಅದೂ ಅವಳ ದನಿಯೇ, ಸ್ವಲ್ಪ ಮೆತ್ತಗೆ.

"ಒಂದ್ ಸೌಟು ಕಣೆ. ಏನೂ ಆಗಲ್ಲ."

"ಸಾಕು ಅಂದ್ರೆ ಸಾಕು. ಬಲವಂತ ಮಾಡ್ಬೇಡಿ ಅಕ್ಕ."

ಆಮೇಲೆ ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು.

ಅತ್ತೆ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಿ ಜಾಲಿಯ ಕಡೆ ತಲೆ ಎತ್ತಿದರು. ಅವರ ಮುಖ ಅರಳಿತು. "ಪ್ರಮೋದಾ ಮನೆಗೆ ಯಾರೋ ನೆಂಟ್ರು ಬಂದಂಗೈತೆ ಅಲ್ವಾ? ಹಬ್ಬಕ್ಕೆ?"

ಹಾಲ್‌ನಿಂದ ಯಾರೋ ಪಲ್ಯ ಎಂದು ಕೂಗಿದರು.

"ಹೂಂ ಅತ್ತೆ" ಎಂದೆ. "ಬಂದವ್ರೆ."